ಕಟ್ಟೆಯ ಕೆಳಗೆ ಇಳಿಯುವ ಮುನ್ನ

ಮಳೆಗಾಲದಲ್ಲಿ ತುಮಕೂರು, ಗುಬ್ಬಿ ಕಡೆಯಿಂದ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೊರಟಿದ್ದೀರಾ? ಹೋಗಿಬನ್ನಿ, ಕಟ್ಟೆಯ ಕೆಳಗೆ ಶಿಂಷಾ ನದಿಗೆ ಮಾತ್ರ ಇಳಿಯಬೇಡಿ. ಅಲ್ಲಿನ ಸೈಫನ್‌ಗಳನ್ನು ಯಾರೂ ತೆರೆಯುವುದಿಲ್ಲ. ಜಲಾಶಯದ ನೀರು ಗೊತ್ತಾದ ಮಟ್ಟ ಮುಟ್ಟಿದರೆ ಅವು ತಾವೇ ನೀರನ್ನು ಹೊರಕ್ಕೆ ಧುಮ್ಮಿಕ್ಕಿಸುತ್ತವೆ. ಸೊಗಸಾದ ತಂತ್ರ, ನಿಜ. ಆದರೆ ಅದನ್ನು ಮಾಡಿರುವುದು ಕಟ್ಟೆಯನ್ನು ಕಾಯಲು. 2025ರ ಅಕ್ಟೋಬರ್‌ನಲ್ಲಿ ಹೀಗೆ ಏಕಾಏಕಿ ನೀರು ನುಗ್ಗಿ, ವಿಹಾರಕ್ಕೆ ಬಂದವರೇ ಕೊಚ್ಚಿಹೋದರು.

ಏರ್ಪಾಡು ಇದೆಯೆಂದು ನಂಬಿ ಎಚ್ಚರಿಕೆಯನ್ನು ಕಡೆಗಣಿಸಿದರೆ ಅಪಾಯ ತಪ್ಪದು, ಇದು ಹಳೆಯ ಪಾಠ. 1912ರಲ್ಲಿ ಟೈಟಾನಿಕ್‌ಗೆ ಹಿಮಗಡ್ಡೆಗಳ ಎಚ್ಚರಿಕೆ ವೈರ್‌ಲೆಸ್‌ನಲ್ಲಿ ಬಂದೇ ಇತ್ತು, ವೇಗ ತಗ್ಗಲಿಲ್ಲ. ಹಡಗಿನಲ್ಲಿ 2,200ಕ್ಕೂ ಹೆಚ್ಚು ಜನ, ದೋಣಿಗಳಲ್ಲಿ 1,178 ಮಂದಿಗೆ ಜಾಗ. ಅಂದಿನ ಕಾನೂನಿಗೆ ಅದೇ ಹೆಚ್ಚಂತೆ!

ಅದಕ್ಕೇ ಜಲಾಶಯಕ್ಕೆ ಹೋದೊಡನೆ ಊರವರನ್ನು ಕೇಳಿ, ನೀರು ಎಲ್ಲಿಯವರೆಗೆ ಬಂದಿದೆ ಎಂದು. ಫೋಟೋ ಏರಿಯ ಮೇಲಿಂದಲೇ ತೆಗೆಯಿರಿ, ಮಕ್ಕಳ ಕೈ ಬಿಡಬೇಡಿ.