ಕಾಣದ ಖನಿಜಗಳನ್ನು ಎಣಿಸುವುದು ಹೇಗೆ? – ಹತ್ತನೇ ತರಗತಿಯ ಒಂದು ಪಾಠದ ಅನುಭವ

ತರಗತಿ: 10
ವಿಷಯ: ವಿಜ್ಞಾನ
ಘಟಕ: ಕಾರ್ಬನ್ ಮತ್ತು ಅದರ ಸಂಯುಕ್ತಗಳು (ವಿಸ್ತರಣಾ ಪಾಠ)
ಅವಧಿ: 40 ನಿಮಿಷಗಳ ಎರಡು ಪಿರಿಯಡ್‌ಗಳು

ಹಿನ್ನೆಲೆ

ಅಭ್ಯಾಸ ಬೋಧನೆಗಾಗಿ ನನ್ನನ್ನು ಕಲಬುರಗಿ ಜಿಲ್ಲೆಯ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಅಲ್ಲಿನ ತರಗತಿ ಕೋಣೆಗಳ ನೆಲವೆಲ್ಲ ಶಹಾಬಾದ್ ಕಲ್ಲು. ಕಾರ್ಬನ್ ಘಟಕವನ್ನು ಇದೇ ಕಲ್ಲಿನಿಂದ ಆರಂಭಿಸಿದೆ. ಕಲ್ಲಿನ ಚೂರಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದಾಗ ಗುಳ್ಳೆಗಳೆದ್ದವು. ಆ ಅನಿಲ ಕಾರ್ಬನ್ ಡೈಆಕ್ಸೈಡ್ ಎಂದು ಮಕ್ಕಳೇ ಹೇಳಿದರು. ನಾವು ಕುಳಿತ ನೆಲವೇ ಸುಣ್ಣಕಲ್ಲು, ಅದರ ಮುಖ್ಯ ಖನಿಜ ಕ್ಯಾಲ್ಸೈಟ್, ಅದರಲ್ಲಿಯೂ ಕಾರ್ಬನ್ ಇದೆ ಎಂದಾಗ ತರಗತಿ ಚುರುಕಾಯಿತು.

ಆ ಹುರುಪಿನಲ್ಲಿ ಪಾಠಯೋಜನೆಯಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸಿದೆ: "ಭೂಮಿಯಲ್ಲಿ ಕಾರ್ಬನ್ ಇರುವ 403 ಖನಿಜಗಳು ಗೊತ್ತಿದ್ದವು. ಇನ್ನೂ 145 ಸಿಗಬೇಕಾಗಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ." ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಟೀಚರ್, ಯಾರೂ ನೋಡದೇ ಇದ್ದದ್ದನ್ನ ಹ್ಯಾಂಗ ಎಣಸ್ಲಿಕ್ಕ ಬರ್ತದ್ರಿ?"

ನನಗೆ ಸರಿಯಾಗಿ ಗೊತ್ತಿರಲಿಲ್ಲ. "ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕ್ತಾರೆ" ಎಂದು ಹೇಳಿ ಮುಂದಿನ ಅಂಶಕ್ಕೆ ಹೋದೆ. ಸಂಜೆ ನೋಟ್‌ಪುಸ್ತಕ ತಿದ್ದುವಾಗ ಒಬ್ಬ ಹುಡುಗಿಯ ಪುಸ್ತಕದಲ್ಲಿ ಹೀಗಿತ್ತು: "ವಿಜ್ಞಾನಿಗಳು ಕಂಪ್ಯೂಟರ್‌ನಿಂದ 145 ಹೊಸ ಖನಿಜಗಳನ್ನು ಕಂಡುಹಿಡಿದರು." ತಪ್ಪು ಅವಳದಲ್ಲ, ನಾನು ಹೇಳಿದ್ದರಿಂದ ಆಗುವ ಅರ್ಥವೇ ಅದು. ಮಾರ್ಗದರ್ಶಕ ಶಿಕ್ಷಕರು ನನ್ನ ಪಾಠ ವೀಕ್ಷಣೆ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಉತ್ತರ ಕೊಟ್ಟಿದ್ದೀರಿ, ಪ್ರಶ್ನೆ ಹಾಗೇ ಉಳಿದಿದೆ." ಪರೀಕ್ಷೆಗೆ ಬಾರದ ವಿಷಯಕ್ಕೆ ಎರಡು ಪಿರಿಯಡ್ ಕೇಳುವುದು ಸುಲಭವಿರಲಿಲ್ಲ. ಆದರೂ ಕೇಳಿದೆ, ಅವರು ಒಪ್ಪಿದರು. ಆ ಪಾಠದ ವರದಿ ಇದು.

ಕಲಿಕಾ ಉದ್ದೇಶಗಳು

1. ಒಂದೇ ಧಾತುವಿನಿಂದ ಬಗೆಬಗೆಯ ಖನಿಜಗಳು ಉಂಟಾಗುತ್ತವೆ ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವುದು.
2. ದತ್ತಾಂಶವನ್ನು ಒಟ್ಟುಗೂಡಿಸಿ ಕೋಷ್ಟಕ ರಚಿಸುವುದು.
3. ಕಂಡುಹಿಡಿದ ಸಂಗತಿಗೂ ಅಂದಾಜಿಗೂ ಇರುವ ವ್ಯತ್ಯಾಸವನ್ನು ಗುರುತಿಸುವುದು.

ತೊಡಗಿಸಿಕೊಳ್ಳುವಿಕೆ

ಪೆನ್ಸಿಲಿನ ಸೀಸದಲ್ಲಿರುವ ಗ್ರಾಫೈಟ್ ಮತ್ತು ವಜ್ರ ಎರಡೂ ಬರೀ ಕಾರ್ಬನ್ ಎಂಬುದು ಮಕ್ಕಳಿಗೆ ಗೊತ್ತಿತ್ತು. ಇದಕ್ಕೆ ಇನ್ನೊಂದು ಉದಾಹರಣೆ ಸೇರಿಸಿದೆ. ಕ್ಯಾಲ್ಸೈಟ್, ಅರಗೊನೈಟ್, ವಾಟರೈಟ್ ಮೂರೂ ಕ್ಯಾಲ್ಸಿಯಂ ಕಾರ್ಬೋನೇಟ್‌ಗಳೇ. ಆದರೆ ಹರಳಿನ ರಚನೆ ಬೇರೆ ಬೇರೆ, ಆದ್ದರಿಂದ ಅವು ಮೂರು ಖನಿಜಗಳು. ಖನಿಜವೊಂದನ್ನು ಗುರುತಿಸಲು ರಾಸಾಯನಿಕ ಸಂಯೋಜನೆ ಮತ್ತು ಹರಳಿನ ರಚನೆ ಎರಡನ್ನೂ ನೋಡಬೇಕು ಎಂಬ ತೀರ್ಮಾನಕ್ಕೆ ಬಂದೆವು.

ಪರಿಶೋಧಿಸುವಿಕೆ: ಕಾಳಿನ ಡಬ್ಬಿ

ಒಂದು ದೊಡ್ಡ ಡಬ್ಬಿಯಲ್ಲಿ ಹಲವು ಬಗೆಯ ಕಾಳು ಮತ್ತು ಬೀಜ ಬೆರೆಸಿದ್ದೆ. ಎಷ್ಟು ಬಗೆ ಎಂಬುದು ನನಗೊಬ್ಬಳಿಗೇ ಗೊತ್ತು. ಆರು ಗುಂಪುಗಳು ಸರದಿಯಂತೆ ಬಂದು ಕಣ್ಣು ಮುಚ್ಚಿ 10 ಬೀಜ ತೆಗೆದು, ಬರೆದುಕೊಂಡು, ಮರಳಿ ಹಾಕಿ ಕಲಸಬೇಕು.

ಮೊದಲ ಗುಂಪಿಗೆ ಸಿಕ್ಕಿದ್ದು 5 ಬಗೆ. "ಡಬ್ಬ್ಯಾಗ ಐದೇ ಬಗೆ ಅದಾವ್ರಿ" ಎಂದರು. ಒಂದೊಂದೇ ಗುಂಪಿನ ಪಟ್ಟಿ ಸೇರಿಸುತ್ತಾ ಹೋದಂತೆ ಒಟ್ಟು ಬಗೆಗಳು 5, 7, 8, 9, 9, 11 ಎಂದು ಏರಿದವು. ದತ್ತಾಂಶ ದೊಡ್ಡದಾದಷ್ಟೂ ಅಪರೂಪದ ಬಗೆಗಳು ಕಾಣತೊಡಗುತ್ತವೆ ಎಂಬುದನ್ನು ಕಪ್ಪುಹಲಗೆಯೇ ತೋರಿಸಿತು. ಕೊನೆಯ ಕೋಷ್ಟಕ ಹೀಗಿತ್ತು:

ತೊಗರಿ – 19, ಕಡಲೆ – 14, ಹೆಸರು – 9, ಅಲಸಂದಿ – 6, ಹುರುಳಿ – 4
ಬಟಾಣಿ, ಅವರೆ – ತಲಾ 2
ಹುಣಸೆ ಬೀಜ, ಸೀತಾಫಲ ಬೀಜ, ಕುಸುಬಿ, ಸೂರ್ಯಕಾಂತಿ – ತಲಾ 1
ಒಟ್ಟು – 60 ಬೀಜ, 11 ಬಗೆ

"ಇನ್ನೂ 60 ಬೀಜ ತೆಗೆದರೆ ಹೊಸ ಬಗೆ ಸಿಗಬಹುದೇ?" ಎಂದು ಕೇಳಿದೆ. ಸಿಗುತ್ತದೆ ಎಂದರು. ಏಕೆ ಎಂದಾಗ ಒಬ್ಬ ಹುಡುಗಿ ಹೇಳಿದ್ದು: "ನಾಕು ಬಗೆ ಒಂದೊಂದೇ ಸಲ ಸಿಕ್ಕಾವಲ್ರಿ. ಅವೂ ಸಿಗದೇ ಹೋಗಬಹುದಿತ್ತು. ಹಂಗ ಸಿಗದೇ ಹೋದವು ಬ್ಯಾರೇನೂ ಇರಬೇಕು." ಇಡೀ ಪಾಠದ ತಿರುಳು ಈ ಮಾತಿನಲ್ಲಿತ್ತು. ಪ್ರತಿಯೊಂದು ಬಗೆಯೂ ಹತ್ತಾರು ಸಲ ಸಿಕ್ಕಿದ್ದರೆ ಹುಡುಕಾಟ ಬಹುತೇಕ ಮುಗಿದಿದೆ ಎನ್ನಬಹುದು. ಒಂದೇ ಸಲ ಸಿಕ್ಕವು ಹೆಚ್ಚಿದ್ದರೆ, ಕಾಣದೆ ಉಳಿದವೂ ಇವೆ ಎಂದು ಅರ್ಥ.

ಇದನ್ನು ಅಂಕೆಯಲ್ಲಿ ಹೇಳಲು ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ ಅವರು 1984ರಲ್ಲಿ ಕೊಟ್ಟ ಸರಳ ಸೂತ್ರವನ್ನು ಬಳಸಿದೆ. ಒಮ್ಮೆ ಮಾತ್ರ ಸಿಕ್ಕ ಬಗೆಗಳ ಸಂಖ್ಯೆಯ ವರ್ಗವನ್ನು, ಎರಡು ಸಲ ಸಿಕ್ಕ ಬಗೆಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಬೇಕು. 4 × 4 = 16; 2 × 2 = 4; 16 ÷ 4 = 4. ಕಂಡವು 11, ಕಾಣದವು ಕನಿಷ್ಠ 4, ಒಟ್ಟು ಕನಿಷ್ಠ 15.

ಡಬ್ಬಿಯನ್ನು ಪೇಪರಿನ ಮೇಲೆ ಸುರಿದಾಗ ಇದ್ದದ್ದು 16 ಬಗೆ. ಕಾಣದೆ ಉಳಿದ ಐದರಲ್ಲಿ ಎಳ್ಳು, ಸಾಸಿವೆ, ಮೆಂತ್ಯ ಸೇರಿದ್ದವು. ಉಳಿದೆರಡು ಕಲ್ಲಂಗಡಿ ಮತ್ತು ಬೇವಿನ ಬೀಜ. ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗನೇ ಕಾರಣ ಹೇಳಿದ: "ಎಳ್ಳು ಸಣ್ಣದು, ಬೆರಳಿಗೆ ಸಿಗಂಗಿಲ್ರಿ."

ವಿವರಿಸುವಿಕೆ

ಇಲ್ಲಿಂದ ಖನಿಜಗಳ ಕಡೆಗೆ ಹೊರಳಿದೆವು. ಮಿನ್‌ಡ್ಯಾಟ್ ಎಂಬ ದತ್ತಸಂಚಯವಿದೆ. ಜೋಲಿಯನ್ ರಾಲ್ಫ್ ಅವರು 1993ರಲ್ಲಿ ತಮ್ಮ ಸ್ವಂತಕ್ಕಾಗಿ ಆರಂಭಿಸಿದ ಇದು 2000ದಲ್ಲಿ ಅಂತರ್ಜಾಲಕ್ಕೆ ಬಂತು. ಯಾವ ಖನಿಜ ಯಾವ ಸ್ಥಳದಲ್ಲಿ ಸಿಕ್ಕಿದೆ ಎಂಬುದನ್ನು ಹವ್ಯಾಸಿಗಳೂ ತಜ್ಞರೂ ಇದರಲ್ಲಿ ದಾಖಲಿಸುತ್ತಾರೆ. ರಾಬರ್ಟ್ ಹೇಜನ್, ಗಣಿತಜ್ಞೆ ಗ್ರೆಥೆ ಹಿಸ್ಟಾಡ್ ಮತ್ತು ಸಂಗಡಿಗರು 2015ರ ಜನವರಿ 1ರವರೆಗಿನ ದಾಖಲೆಗಳನ್ನು ತೆಗೆದುಕೊಂಡರು. 403 ಕಾರ್ಬನ್ ಖನಿಜಗಳಿಗೆ ಸಂಬಂಧಿಸಿದಂತೆ 82,922 ದಾಖಲೆಗಳಿದ್ದವು. ಭಾಗಿಸಿ ನೋಡಿದರೆ ಖನಿಜವೊಂದಕ್ಕೆ ಸರಾಸರಿ 206 ಸ್ಥಳ. ಈ ಸರಾಸರಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಕ್ಯಾಲ್ಸೈಟ್ ನಮ್ಮ ಡಬ್ಬಿಯ ತೊಗರಿಯ ಹಾಗೆ ಎಲ್ಲೆಡೆಯೂ ಸಿಗುತ್ತದೆ; ಎಷ್ಟೋ ಖನಿಜಗಳು ಜಗತ್ತಿನ ಒಂದೆರಡು ಸ್ಥಳಗಳಲ್ಲಿ ಮಾತ್ರ ಸಿಕ್ಕಿವೆ.

ಅವರು ಬಳಸಿದ್ದು ಚಾವೊ ಸೂತ್ರವಲ್ಲ, ಅಪರೂಪದ ಘಟನೆಗಳು ಬಹಳ ಇರುವಲ್ಲಿ ಬಳಸುವ ಇನ್ನೊಂದು ಮಾದರಿ. ಪುಸ್ತಕಗಳಲ್ಲಿ ಪದಗಳು ಎಷ್ಟು ಸಲ ಬರುತ್ತವೆ ಎಂಬ ಅಧ್ಯಯನದಲ್ಲಿ ಬೆಳೆದ ಮಾದರಿ ಅದು. ಯಾವ ಪುಸ್ತಕ ತೆರೆದರೂ 'ಮತ್ತು', 'ಈ' ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ, ನೂರಾರು ಪದಗಳು ಒಮ್ಮೆ ಬಂದು ಮರೆಯಾಗುತ್ತವೆ. ಖನಿಜಗಳ ಹಂಚಿಕೆಯೂ ಹಾಗೆಯೇ. ಆದರೆ ಅಡಿಪಾಯದ ತರ್ಕ ನಮ್ಮ ಡಬ್ಬಿಯದೇ. ಅವರ ಲೆಕ್ಕದಂತೆ ಕಾರ್ಬನ್ ಖನಿಜಗಳು ಕನಿಷ್ಠ 548. 548 – 403 = 145.

ವಿಸ್ತರಿಸುವಿಕೆ

ಕಾಣದ ಈ 145ರಲ್ಲಿ ಸುಮಾರು 129ರಲ್ಲಿ ಆಕ್ಸಿಜನ್, 118ರಲ್ಲಿ ಹೈಡ್ರೋಜನ್, 52ರಲ್ಲಿ ಕ್ಯಾಲ್ಸಿಯಂ, 60ಕ್ಕೂ ಹೆಚ್ಚಿನವುಗಳಲ್ಲಿ ಸೋಡಿಯಂ ಇರಬೇಕೆಂದು ಅಂದಾಜು. ಕೂಡಿಸಿದ ಮಕ್ಕಳು "359 ಆಗ್ತದಲ್ರಿ" ಎಂದರು. ಒಂದೇ ಖನಿಜ ಹಲವು ಲೆಕ್ಕದಲ್ಲಿ ಬರುತ್ತದೆ ಎಂದು ವಿವರಿಸಲು ಅಬೆಲ್ಲೈಟ್ ನೆರವಾಯಿತು. 2015ರ ಡಿಸೆಂಬರ್‌ನಲ್ಲಿ ಆರಂಭವಾಗಿ 2019ರವರೆಗೆ ನಡೆದ 'ಕಾರ್ಬನ್ ಮಿನರಲ್ ಚಾಲೆಂಜ್' ಎಂಬ ಹುಡುಕಾಟದಲ್ಲಿ ಮೊದಲು ಸೇರಿದ ಖನಿಜ ಇದು. ಸ್ಪೇನಿನ ಕ್ಯಾಟಲೋನಿಯಾದ ಯುರೇಕಾ ಗಣಿಯಲ್ಲಿ ಸಿಕ್ಕಿತು. ಇದರಲ್ಲಿ ಸೋಡಿಯಂ, ಸೀಸ, ಕಾರ್ಬನ್, ಆಕ್ಸಿಜನ್, ಹೈಡ್ರೋಜನ್ ಇವೆ. ಆದ್ದರಿಂದ ಮೇಲಿನ ಮೂರು ಲೆಕ್ಕಗಳಲ್ಲಿ ಸೇರುತ್ತದೆ. ಹುಡುಕಾಟ ಮುಗಿಯುವ ಹೊತ್ತಿಗೆ ಸುಮಾರು 30 ಹೊಸ ಖನಿಜಗಳು ಪಟ್ಟಿ ಸೇರಿದ್ದವು. ಅವುಗಳಲ್ಲೊಂದಾದ ಟಿನನ್‌ಕ್ಯುಲೈಟ್ ರಷ್ಯಾದಲ್ಲಿ ಹಕ್ಕಿಯ ಹಿಕ್ಕೆಯಿಂದ ಉಂಟಾದದ್ದು ಎಂದಾಗ ತರಗತಿ ನಕ್ಕಿತು. ಆ ಹೆಸರನ್ನು ಯಾರೂ ಮರೆಯಲಾರರು.

ಎಳ್ಳಿನ ಮಾತು ಇಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಸೋಡಿಯಂ ಇರುವ ಹಲವು ಕಾರ್ಬೋನೇಟ್‌ಗಳಿಗೆ ಬಣ್ಣವಿಲ್ಲ, ಅವು ಮಳೆನೀರಿನಲ್ಲಿ ಕರಗುತ್ತವೆ. ಥಳಥಳಿಸುವ ಹಸಿರು ಮ್ಯಾಲಕೈಟ್ ಕಣ್ಣಿಗೆ ಬೀಳುವಂತೆ ಇವು ಬೀಳುವುದಿಲ್ಲ. ದಾಖಲೆ ಎಷ್ಟೇ ದೊಡ್ಡದಿರಲಿ, ಅದು ಭೂಮಿಯ ಪಟ್ಟಿಯಲ್ಲ. ಜನರ ಕಣ್ಣಿಗೆ ಬಿದ್ದದ್ದರ ಪಟ್ಟಿ. ಆದ್ದರಿಂದಲೇ 'ಕನಿಷ್ಠ' ಎಂಬ ಪದವನ್ನು ಬಿಡಬಾರದು.

ಮೌಲ್ಯಮಾಪನ

"ವಿಜ್ಞಾನಿಗಳು ಕಂಪ್ಯೂಟರ್‌ನಿಂದ 145 ಹೊಸ ಖನಿಜಗಳನ್ನು ಕಂಡುಹಿಡಿದರು" ಎಂಬ ವಾಕ್ಯವನ್ನು, ಯಾರದೆಂದು ಹೇಳದೆ, ಹಲಗೆಯ ಮೇಲೆ ಬರೆದು ತಿದ್ದಲು ಹೇಳಿದೆ. ಹೆಚ್ಚಿನವರು 'ಕಂಡುಹಿಡಿದರು' ಹೊಡೆದುಹಾಕಿ 'ಅಂದಾಜು ಮಾಡಿದರು' ಎಂದು ಬರೆದರು. ಕೆಲವರು 'ಕನಿಷ್ಠ' ಸೇರಿಸಿದರು. ಮೊದಲು ಆ ವಾಕ್ಯ ಬರೆದಿದ್ದ ಹುಡುಗಿ ಎರಡನ್ನೂ ಮಾಡಿ, 'ಕಂಪ್ಯೂಟರ್‌ನಿಂದ' ಎಂಬುದನ್ನು ತೆಗೆದು 'ದಾಖಲೆಗಳನ್ನು ಎಣಿಸಿ' ಎಂದು ಬದಲಿಸಿದ್ದಳು.

ಆತ್ಮಾವಲೋಕನ

ಲೋಪಗಳೂ ಇದ್ದವು. ಸೂತ್ರಕ್ಕೆ ಹೆಚ್ಚು ಸಮಯ ಹೋಯಿತು. ಗಣಿತದಲ್ಲಿ ಹಿಂದುಳಿದ ನಾಲ್ಕೈದು ಮಕ್ಕಳು ಆ ಹಂತದಲ್ಲಿ ಸುಮ್ಮನಾದರು. ಮುಂದಿನ ಸಲ ಸೂತ್ರವನ್ನು ಆಸಕ್ತರಿಗೆ ಬಿಟ್ಟು, 5, 7, 8, 9, 9, 11 ಎಂಬ ಏರಿಕೆಯನ್ನು ನಕ್ಷೆಯಾಗಿ ಬರೆಸುತ್ತೇನೆ. ಗೆರೆ ಇನ್ನೂ ಮೇಲಕ್ಕೇ ಹೋಗುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತದೆ.

ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ಮಾತು. ಮೊದಲ ದಿನ "ನನಗೆ ಗೊತ್ತಿಲ್ಲ, ನಾಡಿದ್ದು ಹೇಳುತ್ತೇನೆ" ಎಂದಿದ್ದರೆ ಒಂದು ತಪ್ಪು ವಾಕ್ಯ ಆ ಪುಸ್ತಕಕ್ಕೆ ಇಳಿಯುತ್ತಿರಲಿಲ್ಲ. ಹೇಳಲು ನಾಚಿಕೆಯಾಯಿತು, ಅಷ್ಟೆ. ಈಗ ನನ್ನ ಪಾಠಯೋಜನೆಯ ಪ್ರತಿ ಅಂಕಿಯ ಪಕ್ಕದಲ್ಲಿ "ಇದನ್ನು ಹೇಗೆ ತಿಳಿದರು?" ಎಂದು ಬರೆದುಕೊಳ್ಳುತ್ತೇನೆ. ಉತ್ತರ ಸಿಗದ ಅಂಕಿಯನ್ನು ತರಗತಿಗೆ ಒಯ್ಯುವುದಿಲ್ಲ.