ಪೆಡಲ್ ತುಳಿದರೂ ಡೊಳ್ಳು ಕೇಳದಿದ್ದರೆ…

ಒಬ್ಬರೇ ಗಿಟಾರ್ ಹಿಡಿದು ಹಾಡುವವರಿಗೆ ಡ್ರಮ್ ಮಷಿನ್ ಪೆಡಲ್ ದೊಡ್ಡ ಆಸರೆ. ಕೈಗಳು ತಂತಿಯ ಮೇಲಿರುವಾಗ ತಾಳದ ಹೊಣೆಯನ್ನು ಕಾಲು ಹೊರುತ್ತದೆ. ಒಮ್ಮೆ ತುಳಿದರೆ ಫಿಲ್, ಒತ್ತಿ ಹಿಡಿದರೆ ಪಲ್ಲವಿಯಿಂದ ಚರಣಕ್ಕೆ ದಾಟು, ಎರಡು ಸಲ ತಟ್ಟಿದರೆ ಮುಕ್ತಾಯ. ಈ ಬಗೆಯ ಪೆಡಲ್‌ಗಳಲ್ಲಿ ಹೆಸರು ಮಾಡಿರುವುದು ಅಮೆರಿಕದ ಸಿಂಗ್ಯುಲರ್ ಸೌಂಡ್ ಕಂಪನಿಯ ಬೀಟ್‌ಬಡಿ. ಅದರೊಳಗಿರುವ ಸಿದ್ಧ ಡ್ರಮ್ ಸೆಟ್‌ಗಳು ಸಾಲದೆ ನಮ್ಮ ಡೊಳ್ಳು, ತಮಟೆ, ಚಂಡೆಯ ನಾದವೂ ಬೇಕೆನಿಸಿದರೆ ನಾವೇ ರೆಕಾರ್ಡ್ ಮಾಡಿ ಸೇರಿಸಿಕೊಳ್ಳಲು ಅವಕಾಶವಿದೆ. ತಕರಾರುಗಳು ಹುಟ್ಟುವುದೂ ಹೆಚ್ಚಾಗಿ ಅಲ್ಲೇ: ಸದ್ದೇ ಬರುವುದಿಲ್ಲ, ಬಂದರೂ ಶ್ರುತಿ ಇಳಿದಿರುತ್ತದೆ, ನಡುವೆ ಕತ್ತರಿಸಿಹೋಗುತ್ತದೆ, ತಾಳಕ್ಕಿಂತ ತುಸು ತಡವಾಗಿ ಬೀಳುತ್ತದೆ.

ಹೀಗಾದಾಗ ಪೆಡಲ್ಲೇ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಓಡಬೇಕಿಲ್ಲ. ದೋಷ ಎಲ್ಲಿದೆ ಎಂಬುದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಕೇಳಿ, ಆಮೇಲೆ ಮುಂದಕ್ಕೆ ಹೋಗಿ. ಕೇಬಲ್, ಕಾರ್ಡ್, ಅಡಾಪ್ಟರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಬಂದೀತು, ತಪ್ಪು ಯಾವುದರದೆಂದು ಮಾತ್ರ ತಿಳಿಯುವುದಿಲ್ಲ.

ಸದ್ದು ಹುಟ್ಟುವುದು ಹೇಗೆ?

ಪೆಡಲ್ ಒಳಗೆ ಹಾಡಿನ ತಾಳ ಇಡಿಯಾಗಿ ರೆಕಾರ್ಡ್ ಆಗಿ ಕುಳಿತಿರುವುದಿಲ್ಲ. ಅಲ್ಲಿರುವುದು ಎರಡು ಬೇರೆ ಬೇರೆ ಸಾಮಗ್ರಿ. ಒಂದು, ಮಿಡಿ ರೂಪದ ‘ಸಾಂಗ್’: ಯಾವ ಸಂಖ್ಯೆಯ ನೋಟ್ ಯಾವ ಗಳಿಗೆಯಲ್ಲಿ, ಎಷ್ಟು ಬಲದಿಂದ ಬಾರಿಸಬೇಕೆಂಬ ಸೂಚನೆ. ಇನ್ನೊಂದು, ‘ಡ್ರಮ್ ಸೆಟ್’: ಆ ಸಂಖ್ಯೆಗಳಿಗೆ ಒಂದೊಂದಾಗಿ ಜೋಡಿಸಿಟ್ಟ ವೇವ್ ಫೈಲುಗಳು, ಅಂದರೆ ಸ್ಯಾಂಪಲ್‌ಗಳು. ಎರಡೂ ಎಸ್‌ಡಿ ಕಾರ್ಡಿನಲ್ಲಿರುತ್ತವೆ. ಸೂಚನೆಗೂ ಸ್ಯಾಂಪಲ್‌ಗೂ ತಾಳೆಯಾದರೆ ಮಾತ್ರ ಸದ್ದು. ಪರದೆಯ ಮೇಲೆ ಬೀಟ್ ಓಡುತ್ತಿದ್ದೂ ಕಿವಿಗೆ ಏನೂ ಬೀಳದಿರುವುದರ ಗುಟ್ಟು ಎಷ್ಟೋ ಸಲ ಇದೇ.

ಮೊದಲು ಎರಡೇ ಪರೀಕ್ಷೆ

ಒಂದು: ಕಂಪನಿಯೇ ಕೊಟ್ಟಿರುವ ಹಾಡನ್ನು, ಕಂಪನಿಯೇ ಕೊಟ್ಟಿರುವ ಡ್ರಮ್ ಸೆಟ್‌ನಲ್ಲಿ ನುಡಿಸಿ.
ಎರಡು: ಪೆಡಲ್‌ನ ಹೆಡ್‌ಫೋನ್ ಜ್ಯಾಕ್‌ಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿ. ಮುಖ್ಯ ವಾಲ್ಯೂಮ್ ಜೊತೆಗೆ ಹೆಡ್‌ಫೋನ್ ವಾಲ್ಯೂಮನ್ನೂ ಏರಿಸಿ.

ಫಲಿತಾಂಶವನ್ನು ಹೀಗೆ ಓದಿ:

• ಕಂಪನಿಯ ಸೆಟ್ ಸರಿಯಾಗಿ ಕೇಳಿಸುತ್ತಿದೆ, ನಿಮ್ಮ ಸೆಟ್ ಮಾತ್ರ ಇಲ್ಲ: ದೋಷ ಫೈಲಿನಲ್ಲಿ ಅಥವಾ ನೋಟ್ ಜೋಡಣೆಯಲ್ಲಿ. 3ನೇ ಹಂತಕ್ಕೆ ಹೋಗಿ.
• ಹೆಡ್‌ಫೋನ್‌ನಲ್ಲಿ ಎಲ್ಲ ಚೆನ್ನಾಗಿದೆ, ಸ್ಪೀಕರ್‌ನಲ್ಲಿ ಇಲ್ಲ: ಕೇಬಲ್, ಮಿಕ್ಸರ್ ಅಥವಾ ಆಂಪ್ ಕಡೆ ನೋಡಿ. 1 ಮತ್ತು 7ನೇ ಹಂತ.
• ಎರಡು ಕಡೆಯೂ, ಎಲ್ಲ ಸೆಟ್‌ಗಳಲ್ಲೂ ತೊಂದರೆ: ಕರೆಂಟ್ ಅಥವಾ ಕಾರ್ಡ್. 1 ಮತ್ತು 2ನೇ ಹಂತ.

ಹಂತ 1: ಅಡಾಪ್ಟರ್ ಮತ್ತು ಕೇಬಲ್

ಬೀಟ್‌ಬಡಿಗೆ ಬೇಕಾದದ್ದು 9 ವೋಲ್ಟ್ ಡಿಸಿ, 500 ಮಿಲಿಆಂಪ್, ಪಿನ್ನಿನ ನಡುವೆ ಮೈನಸ್. ಸಾಮಾನ್ಯ ಡಿಸ್ಟಾರ್ಷನ್ ಪೆಡಲ್‌ಗೆ ಸಾಲುವ 100 ಮಿಲಿಆಂಪ್ ಇದಕ್ಕೆ ಸಾಲದು. ಕರೆಂಟ್ ಕಡಿಮೆಯಾದರೆ ಪೆಡಲ್ ತಾನಾಗಿ ಆಫ್ ಆಗಿ ಆನ್ ಆಗಬಹುದು. ಒಂದೇ ಅಡಾಪ್ಟರ್‌ನಿಂದ ನಾಲ್ಕೈದು ಪೆಡಲ್‌ಗೆ ಕವಲು ತೆಗೆದಿದ್ದರೆ ಗುಂಯ್‌ಗುಡುವಿಕೆಯೂ ಸೇರಿಕೊಳ್ಳುತ್ತದೆ. ಪೆಡಲ್‌ಗೆ ಪ್ರತ್ಯೇಕ ಅಡಾಪ್ಟರ್ ಕೊಟ್ಟು ನೋಡಿ. ಕೀಬೋರ್ಡಿನ ಅಡಾಪ್ಟರ್ ಪಿನ್ ಕೂರುತ್ತದೆಂದು ಸಿಕ್ಕಿಸಲೇಬೇಡಿ. ಯಮಹಾ ಕೀಬೋರ್ಡ್‌ಗಳ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಅದರಿಂದ ಪೆಡಲ್ ಸುಟ್ಟೇ ಹೋಗಬಹುದು.

ಮಿಕ್ಸರ್‌ಗೆ ಒಂದೇ ಕೇಬಲ್ ಎಳೆಯುವುದಾದರೆ ಎಡ ಔಟ್‌ಪುಟ್ ಬಳಸಿ. ಬಲಕ್ಕೆ ಮಾತ್ರ ಸಿಕ್ಕಿಸಿದರೆ, ಎಡಬದಿಗೆ ಕೂರಿಸಿದ ವಾದ್ಯಗಳು ಕ್ಷೀಣವಾಗಬಹುದು, ಕೇಳದೆಯೂ ಹೋಗಬಹುದು. ‘ಹೈಹ್ಯಾಟ್ ಮಾಯವಾಗಿದೆ’ ಎಂಬ ದೂರಿಗೆ ಸ್ಯಾಂಪಲ್ ಕಾರಣವಲ್ಲದೆ ಕೇಬಲ್ ಕಾರಣವಾಗಿರುವುದುಂಟು.

ಹಂತ 2: ಎಸ್‌ಡಿ ಕಾರ್ಡ್

ಕಾರ್ಡ್ ತೆಗೆಯುವ, ಹಾಕುವ ಮೊದಲು ಪೆಡಲ್ ಆಫ್ ಮಾಡಿ. ಕಂಪ್ಯೂಟರಿನಿಂದ ಕೀಳುವಾಗಲೂ ‘ಇಜೆಕ್ಟ್’ ಒತ್ತಿಯೇ ಕೀಳಿ. ಅರ್ಧ ಬರೆದ ಫೈಲು ಎಂದರೆ ಅರ್ಧ ನುಡಿಯುವ ಡ್ರಮ್.

32 ಜಿಬಿಯವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ದೊಡ್ಡ ಕಾರ್ಡಿನಿಂದ ಲಾಭವೇನಿಲ್ಲ. 32 ಜಿಬಿ ಅಥವಾ ಅದಕ್ಕೂ ಚಿಕ್ಕ, ಒಳ್ಳೆಯ ಕಂಪನಿಯ ಕಾರ್ಡ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ಹೊಸ ಕಾರ್ಡನ್ನು ಒಮ್ಮೆ ಪರೀಕ್ಷಿಸಿ. ಮೇಲೆ 32 ಎಂದು ಮುದ್ರಿಸಿ ಒಳಗೆ 4 ಜಿಬಿ ಇರುವ ನಕಲಿಗಳಿವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡಿನ ತುಂಬ ಬರೆದು, ಮತ್ತೆ ಓದಿ, ನಿಜ ಸಾಮರ್ಥ್ಯ ಹೇಳುತ್ತವೆ. ಕಾರ್ಡಿನಲ್ಲಿರುವುದನ್ನು ಮೊದಲು ಕಂಪ್ಯೂಟರಿಗೆ ನಕಲು ಮಾಡಿಕೊಂಡೇ ಈ ಪರೀಕ್ಷೆಗೆ ಇಳಿಯಿರಿ.

ಕಾರ್ಡ್ ತೆರೆದರೆ ಡ್ರಮ್‌ಸೆಟ್ಸ್, ಸಾಂಗ್ಸ್, ಎಫೆಕ್ಟ್ಸ್, ಪ್ಯಾರಮ್ಸ್ ಎಂಬ ಫೋಲ್ಡರುಗಳು ಕಾಣುತ್ತವೆ. ಇವುಗಳೊಳಗೆ ನೇರವಾಗಿ ವೇವ್ ಫೈಲು ಎಳೆದು ಹಾಕಿದರೆ ಪೆಡಲ್‌ಗೆ ಅದರ ಗುರುತೇ ಹತ್ತುವುದಿಲ್ಲ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಬೇರೆಯೇ ಇರುತ್ತದೆ. ಆ ಪಟ್ಟಿಯನ್ನು ಬರೆಯುವುದು ಕಂಪನಿಯ ಬೀಟ್‌ಬಡಿ ಮ್ಯಾನೇಜರ್ ತಂತ್ರಾಂಶ. ಫೈಲು ಸೇರಿಸುವುದು, ಅಳಿಸುವುದು, ಹೆಸರು ಬದಲಿಸುವುದು ಎಲ್ಲವೂ ಅದರ ಮೂಲಕವೇ ಆಗಲಿ.

ಹಂತ 3: ಫೈಲು ನಿಜವಾಗಿ ವೇವ್ ಹೌದೇ?

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ತಮಟೆ ಸಾಮಾನ್ಯವಾಗಿ ಎಂ4ಎ ಫೈಲಾಗಿರುತ್ತದೆ. ಹೆಸರಿನ ಕೊನೆಯ ಅಕ್ಷರಗಳನ್ನು ಅಳಿಸಿ ವೇವ್ ಎಂದು ಬರೆದರೆ ಒಳಗಿನ ಮಾಲು ಬದಲಾಗುವುದಿಲ್ಲ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದು, 44,100 ಹರ್ಟ್ಜ್, 16 ಅಥವಾ 24 ಬಿಟ್ ಪಿಸಿಎಂ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಬೇಕು. ‘32 ಬಿಟ್ ಫ್ಲೋಟ್’ ಆಯ್ಕೆ ಬೇಡ. ಆಡಾಸಿಟಿ ತನ್ನೊಳಗೆ ಕೆಲಸ ಮಾಡುವುದೇ ಆ ರೂಪದಲ್ಲಿ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಗಮನಿಸದಿದ್ದರೆ ಫೈಲೂ ಹಾಗೆಯೇ ಹೊರಬಂದೀತು.

ಒಂದು ಡ್ರಮ್ ಸೆಟ್‌ನ ಒಟ್ಟು ಗಾತ್ರ 100 ಎಂಬಿ ದಾಟುವಂತಿಲ್ಲ. ಲೆಕ್ಕ ಸುಲಭ: 16 ಬಿಟ್ ಸ್ಟೀರಿಯೊದಲ್ಲಿ ಒಂದು ಸೆಕೆಂಡಿಗೆ 1,76,400 ಬೈಟ್, 24 ಬಿಟ್‌ನಲ್ಲಿ 2,64,600 ಬೈಟ್. ಮೊನೊ ಆದರೆ ಅರ್ಧ. ಡೊಳ್ಳಿನ ಒಂದು ಪೆಟ್ಟಿಗೆ ಎರಡು ಸೆಕೆಂಡ್ ಧಾರಾಳವಾಗಿ ಸಾಕು. ಮಿತಿ ಮೀರಿದ್ದರೆ ಸಾಮಾನ್ಯವಾಗಿ ಬಾಲದಲ್ಲಿ ಉಳಿದ ಉದ್ದನೆಯ ಮೌನವೇ ಕಾರಣ.

ಹಂತ 4: ಶ್ರುತಿ ಇಳಿದಿದೆಯೇ, ಏರಿದೆಯೇ?

ಮೊಬೈಲ್, ವಿಡಿಯೊ ಕ್ಯಾಮೆರಾಗಳು 48,000 ಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡುವುದು ಹೆಚ್ಚು. ಅದನ್ನು 44,100ರ ಲೆಕ್ಕದಲ್ಲಿ ನುಡಿಸಿದರೆ ಸದ್ದು ಸುಮಾರು ಶೇ 9ರಷ್ಟು ಉದ್ದವಾಗಿ, ಒಂದೂವರೆ ಸೆಮಿಟೋನ್‌ನಷ್ಟು ಶ್ರುತಿ ಇಳಿಯುತ್ತದೆ. ಬಿಗಿದ ಡೊಳ್ಳು ಮಳೆಗೆ ನೆಂದ ಡೊಳ್ಳಿನ ಹಾಗೆ ಕೇಳಿದರೆ ಮೊದಲು ಈ ಸಂಖ್ಯೆ ನೋಡಿ.

ಸರಿಪಡಿಸುವಾಗಲೂ ಒಂದು ಬಲೆಯಿದೆ. ಆಡಾಸಿಟಿಯಲ್ಲಿ ಟ್ರ್ಯಾಕಿನ ಮೆನುವಿನಲ್ಲಿರುವ ‘ರೇಟ್’ ಬದಲಿಸಿದರೆ ವೇಗವೇ ಬದಲಾಗುತ್ತದೆ, ಅಂದರೆ ತಪ್ಪು ಫೈಲಿನೊಳಗೇ ಕಾಯಂ ಆಗುತ್ತದೆ. ಬೇಕಾದದ್ದು ‘ರೀಸ್ಯಾಂಪಲ್’ ಎಂಬ ಬೇರೆ ಆದೇಶ. ಅದರಿಂದ ದರ ಮಾತ್ರ ಬದಲಾಗಿ ಶ್ರುತಿ ಹಾಗೆಯೇ ಉಳಿಯುತ್ತದೆ.

ಹಂತ 5: ಪರದೆ ಓಡುತ್ತಿದೆ, ವಾದ್ಯ ಮಾತ್ರ ಕೇಳದು

ಸಾಂಗ್ ಕೇಳುವ ನೋಟ್ ಸಂಖ್ಯೆಗೆ ಸೆಟ್‌ನಲ್ಲಿ ಸ್ಯಾಂಪಲ್ ಇಲ್ಲವೆಂದು ಅರ್ಥ. ಡ್ರಮ್‌ಗಳಿಗೆ ಎಲ್ಲರೂ ಪಾಲಿಸುವ ಜನರಲ್ ಮಿಡಿ ಪಟ್ಟಿಯಿದೆ: ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42, ತೆರೆದ ಹೈಹ್ಯಾಟ್ 46, ಕ್ರ್ಯಾಶ್ 49, ರೈಡ್ 51. ನೀವು ತಮಟೆಯನ್ನು 60ಕ್ಕೆ ಕೂರಿಸಿ, ಸಾಂಗ್ 38ನ್ನು ಕೇಳುತ್ತಿದ್ದರೆ ಸಿಗುವುದು ಮೌನವೇ. ಪರಿಹಾರ ಎರಡು ಬಗೆಯದು: ಡ್ರಮ್ ಸೆಟ್‌ನಲ್ಲಿ ತಮಟೆಯನ್ನು 38ಕ್ಕೆ ಸರಿಸಿ, ಇಲ್ಲವೇ ಮಿಡಿ ಫೈಲಿನಲ್ಲಿ ನೋಟನ್ನು 60ಕ್ಕೆ ಬದಲಿಸಿ. ಸಿದ್ಧ ಹಾಡುಗಳ ಜೊತೆಗೂ ನಿಮ್ಮ ಸೆಟ್ ಬಳಸುವ ಆಸೆಯಿದ್ದರೆ ಮೊದಲನೆಯದೇ ವಾಸಿ.

ಜೋರು ಪೆಟ್ಟು ಕೇಳುತ್ತದೆ, ಮೆಲುಪೆಟ್ಟು ಕೇಳುವುದಿಲ್ಲ ಎಂದಾದರೆ ವೆಲಾಸಿಟಿ ಪದರಗಳನ್ನು ನೋಡಿ. ಮಿಡಿಯಲ್ಲಿ ಪೆಟ್ಟಿನ ಬಲ 1ರಿಂದ 127ರವರೆಗೆ. ಮೊದಲ ಸ್ಯಾಂಪಲ್‌ನ ವ್ಯಾಪ್ತಿ 40ರಿಂದ ಶುರುವಾಗಿದ್ದರೆ ಅದಕ್ಕೂ ಕೆಳಗಿನ ಪೆಟ್ಟುಗಳಿಗೆ ಸದ್ದೇ ಇಲ್ಲ. ಒಂದರ ಅಂಚು ಮುಗಿದಲ್ಲಿಂದಲೇ ಇನ್ನೊಂದು ಶುರುವಾಗುವಂತೆ ಪೂರ್ತಿ ವ್ಯಾಪ್ತಿ ತುಂಬಿ.

ಹಂತ 6: ತಡವಾಗಿ ಬೀಳುವುದು, ಕತ್ತರಿಸುವುದು, ‘ಟಪ್’ ಎನ್ನುವುದು

ತಡವಾಗಿ ಕೇಳುವ ಸ್ಯಾಂಪಲ್‌ನ ತಲೆಯಲ್ಲಿ ಬಹುಪಾಲು ಖಾಲಿ ಜಾಗವಿರುತ್ತದೆ. ಆಡಾಸಿಟಿಯಲ್ಲಿ ಫೈಲು ತೆರೆದು, ಪೆಟ್ಟು ಬೀಳುವ ಜಾಗದಲ್ಲಿ ಝೂಮ್ ಮಾಡಿ. ನೇರ ಗೆರೆ ಎಲ್ಲಿ ಮೊದಲ ಸಲ ಮೇಲೆದ್ದಿತೋ ಅಲ್ಲಿಂದ ಹಿಂದಿನದನ್ನೆಲ್ಲ ಕತ್ತರಿಸಿ. ಕತ್ತರಿಸುವ ಮುನ್ನ ‘ಝಡ್’ ಕೀ ಒತ್ತಿದರೆ ಆಯ್ಕೆಯ ಅಂಚುಗಳು ಅಲೆ ಸೊನ್ನೆ ಗೆರೆ ದಾಟುವ ಬಿಂದುವಿಗೆ ಸರಿಯುತ್ತವೆ. ಹಾಗೆ ಮಾಡದೆ ಅಲೆಯ ನಡುವೆ ಕತ್ತರಿ ಹಾಕಿದರೆ ಪ್ರತಿ ಪೆಟ್ಟಿನ ಜೊತೆ ‘ಟಪ್’ ಎಂಬ ಸದ್ದು ಸೇರಿಕೊಳ್ಳುತ್ತದೆ. ಬಾಲದಲ್ಲೂ ಅಷ್ಟೇ: ಕೊನೆಯ ಒಂದಿಷ್ಟು ಭಾಗ ಆಯ್ದು ‘ಫೇಡ್ ಔಟ್’ ಕೊಡಿ.

ಎಂಪಿ3 ಆಗಿದ್ದ ಫೈಲನ್ನು ವೇವ್ ಮಾಡಿಕೊಂಡಿದ್ದರೆ ಈ ಪರೀಕ್ಷೆ ಕಡ್ಡಾಯ. ಎಂಪಿ3 ಮಾಡುವ ಪ್ರಕ್ರಿಯೆಯೇ ಫೈಲಿನ ಮೊದಲಿಗೆ ಒಂದಿಷ್ಟು ಮೌನ ಸೇರಿಸುತ್ತದೆ. ಅದು 25 ಮಿಲಿಸೆಕೆಂಡಿನಷ್ಟಿರುವುದೂ ಉಂಟು. 120 ಬಿಪಿಎಂ ವೇಗದಲ್ಲಿ ಒಂದು ಬೀಟಿನ ಕಾಲು ಭಾಗವೆಂದರೆ 125 ಮಿಲಿಸೆಕೆಂಡ್. ಅದರ ಐದನೇ ಒಂದು ಪಾಲು ತಡವಾದರೆ ತಾಳ ಎಳೆದಂತೆ ಕೇಳುತ್ತದೆ.

ನಾದ ನಡುವೆ ಕತ್ತರಿಸಿದರೆ ಡ್ರಮ್ ಸೆಟ್‌ನ ‘ಚೋಕ್ ಗ್ರೂಪ್’ ನೋಡಿ. ಒಂದೇ ಗ್ರೂಪಿನ ವಾದ್ಯಗಳು ಒಂದರ ಸದ್ದನ್ನು ಇನ್ನೊಂದು ನಿಲ್ಲಿಸುತ್ತವೆ. ತೆರೆದ ಮತ್ತು ಮುಚ್ಚಿದ ಹೈಹ್ಯಾಟ್‌ಗೆ ಇದು ಬೇಕು, ಡೊಳ್ಳಿಗೂ ತಮಟೆಗೂ ಬೇಡ. ಜೊತೆಗೆ ‘ಪಾಲಿಫೊನಿ’ 1 ಎಂದಿದ್ದರೆ ಎರಡನೇ ಪೆಟ್ಟು ಬಿದ್ದ ಕೂಡಲೇ ಮೊದಲನೆಯದರ ಅನುರಣನ ನಿಲ್ಲುತ್ತದೆ, ಸಂಖ್ಯೆ ಹೆಚ್ಚಿಸಿ. ‘ನಾನ್ ಪರ್ಕಷನ್’ ಗುರುತು ಇರುವುದು ಬೇಸ್ ಗಿಟಾರಿನಂಥ, ನೋಟ್ ಮುಗಿದಾಗ ನಿಲ್ಲಬೇಕಾದ ವಾದ್ಯಗಳಿಗೆ. ಡೊಳ್ಳಿಗೆ ಅದನ್ನು ಹಾಕಿದ್ದರೆ ತೆಗೆಯಿರಿ.

ಹಂತ 7: ಒಡಕು, ಮಂಕು ಸದ್ದು

ಸ್ಯಾಂಪಲ್ ಒಡೆದಂತೆ ಕೇಳಿದರೆ ಮೂರು ಕಡೆ ಹುಡುಕಿ. ಒಂದು, ಮೂಲ ರೆಕಾರ್ಡಿಂಗ್: ಅಲೆಯ ತುದಿಗಳು ಚಪ್ಪಟೆಯಾಗಿದ್ದರೆ ಅದಕ್ಕೆ ಮದ್ದಿಲ್ಲ, ಮೈಕ್ ದೂರವಿಟ್ಟು ಮತ್ತೆ ರೆಕಾರ್ಡ್ ಮಾಡಬೇಕು. ಎರಡು, ಮಿಕ್ಸರ್‌ನ ಗೇನ್: ಪೆಡಲ್‌ನಿಂದ ಬರುವುದು ಮೈಕ್‌ಗಿಂತ ಬಹಳ ಬಲವಾದ ಸಿಗ್ನಲ್, ಲೈನ್ ಇನ್‌ಪುಟ್‌ಗೆ ಕೊಡಿ. ಮೂರು, ಪೆಡಲ್‌ಗಳ ಸಾಲು: ಡ್ರಮ್ ಪೆಡಲ್ ಆದ ಮೇಲೆ ಡಿಸ್ಟಾರ್ಷನ್ ಇದ್ದರೆ ಡ್ರಮ್ಮೂ ಅದರೊಳಗೆ ಹಾದು ಒಡೆಯುತ್ತದೆ. ಡ್ರಮ್ ಪೆಡಲ್ ಸಾಲಿನ ಕೊನೆಯಲ್ಲಿರಲಿ.

ಸದ್ದು ಮಂಕಾಗಿ, ಸಿಂಬಲ್‌ನ ಮಿಂಚು ಕಾಣೆಯಾಗಿದ್ದರೆ ಬಹುಶಃ ಗಿಟಾರ್ ಆಂಪ್‌ನಲ್ಲಿ ನುಡಿಸುತ್ತಿದ್ದೀರಿ. ಗಿಟಾರ್ ಸ್ಪೀಕರ್‌ಗಳಲ್ಲಿ ಸುಮಾರು 5 ಸಾವಿರ ಹರ್ಟ್ಜ್ ಮೇಲಿನ ನಾದ ಬೇಗ ಕುಗ್ಗುತ್ತದೆ. ಕಿಕ್‌ನ ಆಳವೂ ಅಲ್ಲಿ ಸಿಗುವುದಿಲ್ಲ. ಡ್ರಮ್‌ಗೆ ಬೇಕಾದದ್ದು ಪಿಎ ಸ್ಪೀಕರ್ ಅಥವಾ ಕೀಬೋರ್ಡ್ ಆಂಪ್.

ಕಾರ್ಯಕ್ರಮಕ್ಕೆ ಮುನ್ನ

• ಹೊಸ ಸೆಟ್ ಸೇರಿಸುವ ಕೆಲಸ ಹಿಂದಿನ ದಿನಕ್ಕೇ ಮುಗಿಯಲಿ. ದೊಡ್ಡ ಸೆಟ್ ಲೋಡ್ ಆಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಡುಗಳ ನಡುವೆ ಸೆಟ್ ಬದಲಿಸುವುದಾದರೆ ಆ ಬಿಡುವನ್ನೂ ಅಭ್ಯಾಸದಲ್ಲೇ ಅಳೆದುಕೊಳ್ಳಿ.
• ಪ್ರತಿ ಹಾಡನ್ನೂ ಫಿಲ್, ದಾಟು, ಮುಕ್ತಾಯ ಸಮೇತ ಹೆಡ್‌ಫೋನ್‌ನಲ್ಲಿ ಒಮ್ಮೆ ಕೇಳಿ. ಕೆಟ್ಟ ಸ್ಯಾಂಪಲ್ ಫಿಲ್‌ನಲ್ಲಿ ಮಾತ್ರ ಬರುವಂಥದ್ದಾಗಿದ್ದರೆ ಮೇಲುನೋಟಕ್ಕೆ ಸಿಕ್ಕುವುದಿಲ್ಲ.
• ಸರಿಯಾಗಿ ನುಡಿಯುವ ಕಾರ್ಡಿನ ಯಥಾಪ್ರತಿ ಇನ್ನೊಂದು ಕಾರ್ಡಿನಲ್ಲಿರಲಿ. ಬೀಟ್‌ಬಡಿ ಮ್ಯಾನೇಜರ್‌ನ ಪ್ರಾಜೆಕ್ಟ್ ಫೋಲ್ಡರನ್ನೂ ಬೇರೆ ಕಡೆ ಉಳಿಸಿಡಿ.
• ಪೆಂಡಾಲಿನಲ್ಲಿ ಜನರೇಟರ್ ಬದಲಾಗುವಾಗ ಕರೆಂಟ್ ಜಿಗಿಯುವುದುಂಟು. ಅಡಾಪ್ಟರನ್ನು ಸಣ್ಣ ಯುಪಿಎಸ್ ಮೂಲಕ ಕೊಟ್ಟರೆ ಹಾಡಿನ ನಡುವೆ ಪೆಡಲ್ ಆಫ್ ಆಗುವುದು ತಪ್ಪುತ್ತದೆ.

ರಿಪೇರಿಗೆ ಯಾವಾಗ?

ಸರಿಯಾದ ಅಡಾಪ್ಟರ್, ಪರೀಕ್ಷಿಸಿದ ಹೊಸ ಕಾರ್ಡ್, ಅದರಲ್ಲಿ ಕಂಪನಿಯ ಮೂಲ ಫೈಲುಗಳು ಮಾತ್ರ, ಕಂಪನಿಯ ತಾಣದಿಂದ ಪಡೆದ ಇತ್ತೀಚಿನ ಫರ್ಮ್‌ವೇರ್. ಇಷ್ಟಿದ್ದೂ ಹೆಡ್‌ಫೋನ್‌ನಲ್ಲೇ ಸದ್ದು ಕೆಟ್ಟಿದ್ದರೆ ದೋಷ ಪೆಡಲ್‌ನದೇ. ಆಗ ಅಂಗಡಿಯವರಿಗೆ ‘ಸೌಂಡ್ ಬರ್ತಿಲ್ಲ’ ಎಂದಷ್ಟೇ ಹೇಳದೆ, ಯಾವ ಯಾವ ಪರೀಕ್ಷೆ ಮಾಡಿದಿರಿ, ಪ್ರತಿಯೊಂದರಲ್ಲಿ ಏನು ಕೇಳಿಸಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ರಿಪೇರಿಯವರು ಕಾರ್ಡು, ಕೇಬಲ್ ತಡಕಾಡುವ ಹೊತ್ತು ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.