ದೂರದರ್ಶನಕ್ಕೆ ಧ್ವನಿ-ದೃಶ್ಯ ಉಪಕರಣಗಳ ಜೋಡಣೆ

ಮ್ಹಾಪಸಾ ಪೇಟೆಯಲ್ಲಿ ಕೊಂಕಣಿ, ಮರಾಠಿ ಕೇಳಿ ಬೆಳೆಯುವ ಕನ್ನಡದ ಮಗುವಿಗೆ ‘ಕೊಡು’, ‘ಕೋಡು’ಗಳ ಭೇದ ಕಿವಿಯಿಂದಲೇ ತಿಳಿಯಬೇಕು, ದೇವನಾಗರಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ‘ಒ’ಕಾರಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲ. ಆದುದರಿಂದ ದೃಶ್ಯಪಾಠದ ಧ್ವನಿ ಸ್ಪಷ್ಟವಾಗಿರುವುದು ಅವಶ್ಯ.

ಜೋಡಿಸುವ ಮೊದಲು ಎರಡೂ ಉಪಕರಣಗಳ ವಿದ್ಯುತ್ ಸಂಪರ್ಕ ತಪ್ಪಿಸಬೇಕು. ಡಿವಿಡಿ ಪ್ಲೇಯರಿನ ‘ಔಟ್’ನಿಂದ ಟಿ.ವಿ.ಯ ‘ಇನ್’ಗೆ ತಂತಿ ಹೋಗಬೇಕು. ಹಳದಿ ತಂತಿ ಚಿತ್ರವನ್ನು, ಬಿಳಿಯದು ಎಡ ಧ್ವನಿಯನ್ನು, ಕೆಂಪು ಬಲ ಧ್ವನಿಯನ್ನು ಒಯ್ಯುತ್ತದೆ. ಎಚ್‌ಡಿಎಂಐ ಕೇಬಲ್ ಚಿತ್ರ, ಧ್ವನಿ ಎರಡನ್ನೂ ಒಯ್ಯುತ್ತದೆ; ವಿಜಿಎ ಕೇಬಲ್ ಚಿತ್ರವನ್ನು ಮಾತ್ರ. ಬಳಿಕ ರಿಮೋಟಿನ ‘ಸೋರ್ಸ್’ ಗುಂಡಿ ಒತ್ತಿ, ತಂತಿ ಸೇರಿಸಿದ ದ್ವಾರವನ್ನೇ ಆಯ್ದುಕೊಳ್ಳಬೇಕು. ಚಿತ್ರವಿದ್ದು ಧ್ವನಿಯಿಲ್ಲದಿದ್ದರೆ ಬಿಳಿ, ಕೆಂಪು ತಂತಿಗಳನ್ನು ಮೊದಲು ಪರೀಕ್ಷಿಸಬೇಕು.

ಕೊನೆಗೆ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಆಲಿಸಬೇಕು. ಹ್ರಸ್ವ-ದೀರ್ಘಗಳ ಭೇದ ಅಲ್ಲಿಗೂ ಕೇಳಿಸಿದರೆ ಜೋಡಣೆ ಸರಿಯಾಗಿದೆ.